ಮುಂದಿನ ಯುದ್ಧಕ್ಕೆ ಹೂಂ ಅನ್ನುವ ಮೊದಲು: ಬ್ರಿಟನ್ ಸಂಸದರಿಗೊಂದು ಬಹಿರಂಗ ಪತ್ರ

ಇವರಿಗೆ,
ಹೌಸ್ ಆಫ್ ಕಾಮನ್ಸ್‌ನ ಎಲ್ಲ ಸದಸ್ಯರು,
ವೆಸ್ಟ್‌ಮಿನ್‌ಸ್ಟರ್, ಲಂಡನ್

ಮಾನ್ಯ ಸಂಸದರೇ,

2003ರ ಮಾರ್ಚ್ 18ರ ರಾತ್ರಿ ನಿಮ್ಮ ಸದನ ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಪರವಾಗಿ 412 ಮತ, ವಿರುದ್ಧ 149. ಎರಡೇ ದಿನಕ್ಕೆ ಬಾಂಬು ಬೀಳಲು ಶುರುವಾಯಿತು. ಅವತ್ತು ಮತ ಹಾಕಿದವರಲ್ಲಿ ಹೆಚ್ಚಿನವರು ಈಗ ಸದನದಲ್ಲಿಲ್ಲ. ಹಾಗಾಗಿ ಇದು ಹಳೇ ಕಥೆ, ನಮಗೇನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಅಂದಿನ ಸರ್ಕಾರ ಯಾವ ದಾರಿ ಹಿಡಿದು ನಿಮ್ಮ ಸದನದ ಒಪ್ಪಿಗೆ ಪಡೆಯಿತೋ ಆ ದಾರಿ ಇವತ್ತಿಗೂ ತೆರೆದೇ ಇದೆ. ಅದನ್ನು ಮುಚ್ಚಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಲಂಡನ್‌ನಲ್ಲಿ ನೆಲೆಸಿರುವ ಕನ್ನಡಿಗ. ಪಾಸ್‌ಪೋರ್ಟ್ ಭಾರತದ್ದೇ. ಆದರೂ ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದರೆ ನಿಮ್ಮ ಚುನಾವಣೆಯಲ್ಲಿ ವೋಟು ಹಾಕಬಹುದು, ಹಾಕುತ್ತಲೇ ಬಂದಿದ್ದೇನೆ. ಈ ವಿಷಯವಾಗಿ ನನ್ನ ಕ್ಷೇತ್ರದ ಸಂಸದರಿಗೆ ಇಂಗ್ಲಿಷಿನಲ್ಲೇ ಬರೆದಿದ್ದೆ. ಅಂದಿನ ಸರ್ಕಾರ ಪ್ರಾಮಾಣಿಕವಾಗಿ ನಂಬಿ ಆ ತೀರ್ಮಾನಕ್ಕೆ ಬಂದಿತ್ತು, ಆಮೇಲೆ ಪಾಠ ಕಲಿತಾಗಿದೆ ಅಂತ ಪುಟ್ಟ ಉತ್ತರ ಬಂತು. ಕೇಳಿದವರಿಗೆಲ್ಲ ಕಳಿಸುವ ರೆಡಿಮೇಡ್ ಉತ್ತರ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ಈಗ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ಇಲ್ಲಿ ವೋಟು ಇರುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಅವರೂ ಓದಿ ತಮ್ಮ ತಮ್ಮ ಸಂಸದರನ್ನು ಕೇಳಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸದ್ದಾಂ ಹುಸೇನ್ ಪರ ವಕಾಲತ್ತು ನನ್ನದಲ್ಲ. 1988ರ ಮಾರ್ಚ್‌ನಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಬಿಟ್ಟು ಸುಮಾರು 5,000 ಕುರ್ದರನ್ನು ಕೊಲ್ಲಿಸಿದ ಮನುಷ್ಯ ಅವನು. 1990ರಲ್ಲಿ ಅವನ ಸೈನ್ಯ ಕುವೈತ್‌ಗೆ ನುಗ್ಗಿದಾಗ 1.7 ಲಕ್ಷಕ್ಕೂ ಹೆಚ್ಚು ಭಾರತೀಯರು ಜೀವ ಉಳಿದರೆ ಸಾಕು ಅಂತ ಊರಿಗೆ ಬಂದರು. ಮಂಗಳೂರು, ಉಡುಪಿ ಕಡೆಯವರೂ ಅವರಲ್ಲಿದ್ದರು. ನಮ್ಮ ಚಿಕ್ಕಪ್ಪ ಒಬ್ಬರು. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿದವರು. ಕೂಡಿಟ್ಟ ದುಡ್ಡೆಲ್ಲ ಅಲ್ಲೇ. ಸದ್ದಾಂ ಎಂಥವನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಪಾಠ ಮಾಡಬೇಕಾಗಿಲ್ಲ.

ಅವನು ಕೆಟ್ಟವನೋ ಅಲ್ಲವೋ ಅನ್ನುವುದು 2003ರಲ್ಲಿ ಸದನದ ಮುಂದಿದ್ದ ಪ್ರಶ್ನೆಯೇ ಆಗಿರಲಿಲ್ಲ. ಅವನ ಹತ್ತಿರ ರಾಸಾಯನಿಕ, ಜೈವಿಕ ಅಸ್ತ್ರಗಳಿವೆಯಾ? ಅದರಿಂದ ಬ್ರಿಟನ್‌ಗೆ ಈಗಲೇ ಅಪಾಯ ಇದೆಯಾ? ಯುದ್ಧ ಬಿಟ್ಟು ಬೇರೆ ದಾರಿ ಇಲ್ಲವಾ? ಯುದ್ಧಕ್ಕೆ ಕಾನೂನಿನ ಆಧಾರ ಇದೆಯಾ? ಈ ನಾಲ್ಕಕ್ಕೂ ಸರ್ಕಾರದ ಒಳಗಿನ ಕಾಗದಗಳಲ್ಲಿ ಅನುಮಾನಗಳು ಬರೆದಿದ್ದವು. ಅವೇ ಕಾಗದಗಳು ಹೊರಗೆ, ನಿಮ್ಮ ಸದನಕ್ಕೆ ಬರುವಷ್ಟರಲ್ಲಿ ಅನುಮಾನಗಳು ಮಾಯ. ನನ್ನ ದೂರು ಇರುವುದು ಇಷ್ಟೇ.

ಸರ್ಕಾರಕ್ಕೆ ಗುಪ್ತಚರ ವರದಿ ಕೊಡುವ ಜಂಟಿ ಗುಪ್ತಚರ ಸಮಿತಿಯ ಕಾಗದಗಳನ್ನೇ ನೋಡಿ. 2002ರ ಮಾರ್ಚ್‌ನಲ್ಲಿ ಅದು ಇರಾಕ್ ಅಸ್ತ್ರಗಳ ಬಗ್ಗೆ ಸಿಗುತ್ತಿರುವ ಮಾಹಿತಿ ಅಲ್ಲೊಂದು ಇಲ್ಲೊಂದು, ಅರೆಬರೆ ಅಂತ ಬರೆಯಿತು. ಆಗಸ್ಟ್‌ನಲ್ಲಿ, 1998ರ ಕೊನೆಯಿಂದೀಚೆಗೆ ಅಲ್ಲಿ ಏನು ನಡೆದಿದೆ ಅಂತ ನಮಗೆ ಜಾಸ್ತಿ ಗೊತ್ತಿಲ್ಲ ಎಂದು ಒಪ್ಪಿಕೊಂಡಿತು. ವಿಶ್ವಸಂಸ್ಥೆಯ ತಪಾಸಕರು ಇರಾಕ್ ಬಿಟ್ಟು ಹೋಗಿದ್ದು ಆ ವರ್ಷವೇ ಅಲ್ವಾ, ಗೊತ್ತಿರದಿರುವುದು ಸಹಜ. ಸೆಪ್ಟೆಂಬರ್ 24ಕ್ಕೆ ಸರ್ಕಾರ ಇರಾಕ್ ಅಸ್ತ್ರಗಳ ಬಗ್ಗೆ ತನ್ನ ದಸ್ತಾವೇಜನ್ನು ಹೊರಗೆ ತಂದಿತು. ಅದಕ್ಕೆ ಪ್ರಧಾನಿ ಟೋನಿ ಬ್ಲೇರ್ ಅವರದೇ ಮುನ್ನುಡಿ. ಸದ್ದಾಂ ರಾಸಾಯನಿಕ, ಜೈವಿಕ ಅಸ್ತ್ರಗಳನ್ನು ತಯಾರಿಸುತ್ತಲೇ ಇದ್ದಾನೆ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ ಅಂತ ಅದರಲ್ಲಿತ್ತು. ಆಗಸ್ಟ್‌ನಲ್ಲಿ ಗೊತ್ತಿಲ್ಲದ್ದು ಸೆಪ್ಟೆಂಬರ್‌ನಲ್ಲಿ ಸಂಶಯವೇ ಇಲ್ಲದಷ್ಟು ಗೊತ್ತಾಗಿಹೋಯಿತು.

ಆ ದಸ್ತಾವೇಜಿನಲ್ಲಿ 45 ನಿಮಿಷದ ಮಾತು ಬರುತ್ತದೆ. ಅಪ್ಪಣೆ ಸಿಕ್ಕ 45 ನಿಮಿಷದೊಳಗೆ ಇರಾಕ್ ಇಂಥ ಅಸ್ತ್ರಗಳನ್ನು ಪ್ರಯೋಗಕ್ಕೆ ಸಜ್ಜು ಮಾಡಬಲ್ಲದು ಅನ್ನುವುದು. ಪತ್ರಿಕೆಗಳು ಇದನ್ನೇ ಎತ್ತಿಕೊಂಡವು. ಸೈಪ್ರಸ್‌ನಲ್ಲಿರುವ ಬ್ರಿಟಿಷರ ಸಾವು 45 ನಿಮಿಷದಷ್ಟೇ ದೂರ ಎಂಬ ಅರ್ಥದ ತಲೆಬರಹಗಳು ಬಂದವು. ಮೂಲ ಮಾಹಿತಿಯಲ್ಲಿದ್ದದ್ದು ರಣರಂಗದಲ್ಲಿ ಹತ್ತಿರದ ಗುರಿಗೆ ಹಾರಿಸುವ ಗುಂಡುಗಳ ಮಾತು. ಸೈಪ್ರಸ್‌ವರೆಗೆ ಹಾರುವ ಕ್ಷಿಪಣಿಯ ಮಾತೇ ಅಲ್ಲ. ಇದು ತನಗೆ ಗೊತ್ತಿತ್ತು ಎಂದು ರಕ್ಷಣಾ ಸಚಿವ ಜೆಫ್ ಹೂನ್ ಆಮೇಲೆ ನ್ಯಾಯಮೂರ್ತಿ ಹಟನ್ ನಡೆಸಿದ ವಿಚಾರಣೆಯಲ್ಲಿ ಹೇಳಿದರು. ಹಾಗಾದರೆ ಪತ್ರಿಕೆಗಳನ್ನು ಯಾಕೆ ತಿದ್ದಲಿಲ್ಲ? ಪ್ರಧಾನಿಯಂತೂ, ಮಾರ್ಚ್ 18ರಂದು ಸದನ ಮತ ಹಾಕುವಾಗ ಅದು ಯಾವ ಬಗೆಯ ಅಸ್ತ್ರ ಅಂತ ತಮಗೆ ಗೊತ್ತಿರಲಿಲ್ಲ ಎಂದು 2004ರ ಫೆಬ್ರವರಿಯಲ್ಲಿ ನಿಮ್ಮ ಸದನದಲ್ಲೇ ಹೇಳಿದರು. ಒಂದು ದೇಶವನ್ನು ಯುದ್ಧಕ್ಕೆ ಕರೆದೊಯ್ಯುವವರು ಆ ಒಂದು ಪ್ರಶ್ನೆ ಕೇಳಿರಲಿಲ್ಲ!

ಇನ್ನೊಂದು ಸಂಗತಿ ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಸ್ತಾವೇಜು ಸಿದ್ಧವಾಗುತ್ತಿದ್ದ ಅದೇ ತಿಂಗಳು ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ಗೆ ಹೊಸ ಮೂಲವೊಂದು ಸಿಕ್ಕಿತು. ಇರಾಕ್ ವಿಷಾನಿಲವನ್ನು ಗಾಜಿನ ಗುಂಡುಗಳಲ್ಲಿ ತುಂಬಿಡುತ್ತಿದೆ ಅನ್ನುವಂಥ ವರ್ಣನೆ ಅದರಿಂದ ಬಂತು. ವಿಷಾನಿಲವನ್ನು ಯಾರೂ ಹಾಗೆ ತುಂಬಿಡುವುದಿಲ್ಲ. ಒಂದು ಹಾಲಿವುಡ್ ಸಿನಿಮಾದಲ್ಲಿ ಮಾತ್ರ ಹಾಗೆ ತೋರಿಸಿದ್ದರು. ಹೋಲಿಕೆ ಯಾರಿಗೂ ಹೊಳೆಯಲಿಲ್ಲ ಅಂತಲ್ಲ, ಅದೇ ವರ್ಷ ಹೊಳೆದಿತ್ತು. 2003ರ ಫೆಬ್ರವರಿ ಹೊತ್ತಿಗೆ ಆ ಮೂಲ ಸುಳ್ಳು ಹೇಳುತ್ತಿದೆ ಎಂಬ ತೀರ್ಮಾನಕ್ಕೂ ಎಂಐ6 ಬಂದಿತ್ತು. ಆದರೆ ಅದನ್ನು ಪ್ರಧಾನಿ ಕಚೇರಿಗೆ ತಿಳಿಸಲಿಲ್ಲ. ಇದೆಲ್ಲ ನನ್ನ ಕಲ್ಪನೆಯಲ್ಲ, ಇರಾಕ್ ಯುದ್ಧದ ಬಗ್ಗೆ ನಡೆದ ಅಧಿಕೃತ ವಿಚಾರಣೆಯ ಚಿಲ್ಕಾಟ್ ವರದಿಯಲ್ಲಿದೆ. ಬೇಕಾದ ಮಾಹಿತಿ ಮೆಟ್ಟಿಲು ಹತ್ತಿ ಓಡಿತು, ಅನುಮಾನದ ಮಾಹಿತಿ ಕೆಳಗೇ ಕೂತಿತು.

2003ರ ಫೆಬ್ರವರಿಯ ಎರಡನೇ ದಸ್ತಾವೇಜಿನ ಬಗ್ಗೆ ಉದ್ದುದ್ದ ಬರೆಯುವುದಿಲ್ಲ. ಅದರಲ್ಲಿ ಬಹಳಷ್ಟು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಲೇಖನದಿಂದ ಅಕ್ಷರದ ತಪ್ಪುಗಳ ಸಮೇತ ಎತ್ತಿದ್ದು. ಅದನ್ನೇ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಭದ್ರತಾ ಮಂಡಳಿಯಲ್ಲಿ ಹೊಗಳಿದರು. ಆಫ್ರಿಕಾದ ನೈಜರ್ ದೇಶದಿಂದ ಇರಾಕ್ ಯುರೇನಿಯಂ ಖರೀದಿಸುತ್ತಿದೆ ಎಂಬ ಕಾಗದಗಳು ನಕಲಿ ಅಂತ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೊಹಮ್ಮದ್ ಎಲ್ಬರಾದಿ ಮಾರ್ಚ್ 7ರಂದೇ ಹೇಳಿದರು. ಯುದ್ಧಕ್ಕೆ ಇನ್ನೂ ಎರಡು ವಾರ ಇತ್ತು.

ಅದೇ ದಿನ ಮುಖ್ಯ ತಪಾಸಕ ಹಾನ್ಸ್ ಬ್ಲಿಕ್ಸ್ ಕೂಡ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು. ತಪಾಸಕರು 2002ರ ನವೆಂಬರ್ ಕೊನೆಯಲ್ಲಿ ಇರಾಕ್‌ಗೆ ಮರಳಿದ್ದರು. ನೂರಾರು ಕಡೆ ಹೋಗಿ ನೋಡಿದರೂ ರಾಸಾಯನಿಕ, ಜೈವಿಕ ಅಸ್ತ್ರಗಳ ದಾಸ್ತಾನು ಸಿಕ್ಕಿರಲಿಲ್ಲ. ಮಿತಿ ಮೀರಿದ ದೂರ ಹಾರುತ್ತಿದ್ದ ಅಲ್ ಸಮೂದ್ ಕ್ಷಿಪಣಿಗಳನ್ನು ಇರಾಕ್ ಅವರ ಕಣ್ಣೆದುರೇ ಒಡೆದು ಹಾಕುತ್ತಿತ್ತು. ಇವು ಹಲ್ಲುಕಡ್ಡಿಗಳಲ್ಲ, ಕೊಲ್ಲುವ ಅಸ್ತ್ರಗಳು ಎಂದರು ಬ್ಲಿಕ್ಸ್. ಉಳಿದ ಕೆಲಸಕ್ಕೆ ಎಷ್ಟು ಸಮಯ ಬೇಕು? ವರ್ಷಗಳಲ್ಲ, ವಾರಗಳೂ ಅಲ್ಲ, ತಿಂಗಳುಗಳು ಎಂದರು. ಆ ತಿಂಗಳುಗಳನ್ನು ಅವರಿಗೆ ಕೊಡಲಿಲ್ಲ. ಮಾರ್ಚ್ 18ಕ್ಕೆ ತಪಾಸಕರು ಬಾಗ್ದಾದ್ ಬಿಟ್ಟು ಹೊರಟರು, ರಾತ್ರಿ ನೀವು ಮತ ಹಾಕಿದಿರಿ. ಭದ್ರತಾ ಮಂಡಳಿಯಲ್ಲಿ ಹೊಸ ನಿರ್ಣಯಕ್ಕೆ ಫ್ರಾನ್ಸ್ ಅಡ್ಡಗಾಲು ಹಾಕಿದ್ದರಿಂದ ಬೇರೆ ದಾರಿ ಉಳಿಯಲಿಲ್ಲ ಅಂತ ಸರ್ಕಾರ ಹೇಳಿತು. ದಾರಿ ಇತ್ತು, ನಡೆಯುವ ಮನಸ್ಸಿರಲಿಲ್ಲ.

ಈಗ ಕಾನೂನಿನ ವಿಷಯ. ಇದನ್ನು ನೀವು ಸ್ವಲ್ಪ ನಿಧಾನವಾಗಿ ಓದಬೇಕು, ಯಾಕೆಂದರೆ ನಿಮ್ಮ ಸದನಕ್ಕೆ ಅತಿ ಹೆಚ್ಚು ಅವಮಾನವಾಗಿದ್ದು ಇಲ್ಲಿ ಅಂತ ನನ್ನ ಅನಿಸಿಕೆ. ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಮಾರ್ಚ್ 7ರಂದು ಪ್ರಧಾನಿಗೆ 13 ಪುಟಗಳ ಅಭಿಪ್ರಾಯ ಕೊಟ್ಟರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಬರಹ ಅದು. ಅಸ್ತ್ರ ತೊರೆಯಲು ಇರಾಕ್‌ಗೆ ಕೊನೆಯ ಅವಕಾಶ ಕೊಟ್ಟ ವಿಶ್ವಸಂಸ್ಥೆಯ 1441ನೇ ನಿರ್ಣಯವನ್ನೇ ಹಿಡಿದು ವಾದ ಮಾಡಬಹುದು, ಆದರೆ ಇನ್ನೊಂದು ನಿರ್ಣಯ ಪಡೆಯುವುದೇ ಹೆಚ್ಚು ಸುರಕ್ಷಿತ, ಕೋರ್ಟಿಗೆ ಹೋದರೆ ನಮ್ಮ ವಾದ ನಿಲ್ಲುತ್ತದೆ ಅನ್ನುವ ಭರವಸೆ ಕೊಡಲಾರೆ, ಹೀಗೆ. ಸೇನಾ ಮುಖ್ಯಸ್ಥ ಅಡ್ಮಿರಲ್ ಬಾಯ್ಸ್‌ಗೆ ಅದು ಸಾಕಾಗಲಿಲ್ಲ. ನನ್ನ ಸೈನಿಕರನ್ನು ಕಳಿಸಬೇಕಾದರೆ ಹೌದು ಅಥವಾ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ ಎಂದು ಕೇಳಿದರು. ನ್ಯಾಯವಾದ ಕೇಳಿಕೆಯೇ. ಹತ್ತು ದಿನ ಕಳೆದು ಮಾರ್ಚ್ 17ಕ್ಕೆ ಸಂಸತ್ತಿಗೆ ಬಂದ ಉತ್ತರ ಒಂದೇ ಪುಟದ್ದು. ಕಡ್ಡಿ ಮುರಿದ ಹಾಗೆ: ಯುದ್ಧ ಕಾನೂನುಬದ್ಧ. ಆ 13 ಪುಟಗಳನ್ನು ಸಂಸದರು ಹಾಗಿರಲಿ, ಸಚಿವ ಸಂಪುಟವೂ ನೋಡಲಿಲ್ಲ. ವಿದೇಶಾಂಗ ಕಚೇರಿಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ರಾಜೀನಾಮೆ ಕೊಟ್ಟು ಹೊರಟರು. ಪೂರ್ತಿ ಅಭಿಪ್ರಾಯ ಜನರ ಕಣ್ಣಿಗೆ ಬಿದ್ದದ್ದು 2005ರ ಏಪ್ರಿಲ್‌ನಲ್ಲಿ, ಅದೂ ಸೋರಿಕೆಯಾದ ಮೇಲೆ. ಮನೆ ಕೊಳ್ಳುವಾಗ ವಕೀಲರು ಕೊಟ್ಟ ವರದಿಯನ್ನು ಒಂದು ಪುಟ ಮಾಡಿ ತೋರಿಸಿದರೆ ನೀವು ಸಹಿ ಹಾಕುತ್ತೀರಾ?

ಅವತ್ತು ಗೊತ್ತಿದ್ದದ್ದೇ ಅಷ್ಟು, ಎಲ್ಲರೂ ಅದನ್ನೇ ನಂಬಿದ್ದರು, ಈಗ ಹಿಂತಿರುಗಿ ನೋಡಿ ಮಾತಾಡುವುದು ಸುಲಭ ಎಂಬ ವಾದವನ್ನು ನಾನು ಇಲ್ಲಿ ಬಹಳ ಸಲ ಕೇಳಿದ್ದೇನೆ. ಅದಕ್ಕೆ ರಾಬಿನ್ ಕುಕ್ ಅವರೇ ಉತ್ತರ. ನಾಲ್ಕು ವರ್ಷ ವಿದೇಶಾಂಗ ಸಚಿವರಾಗಿದ್ದವರು, ಗುಪ್ತಚರ ಕಾಗದಗಳನ್ನು ಓದಿ ಅಭ್ಯಾಸ ಇದ್ದವರು. ಮಾರ್ಚ್ 17ರಂದು ಸಂಪುಟ ಬಿಟ್ಟು, ಹಿಂದಿನ ಬೆಂಚಿನಲ್ಲಿ ನಿಂತು ಮಾತಾಡಿದರು. ನಗರವೊಂದರ ಮೇಲೆ ಹಾಕಬಲ್ಲಂಥ ಸಾಮೂಹಿಕ ನಾಶದ ಅಸ್ತ್ರ ಇರಾಕ್ ಬಳಿ ಬಹುಶಃ ಇಲ್ಲ ಎಂದರು. 20 ವರ್ಷದಿಂದ ಇರುವ, ನಾವೇ ಕಟ್ಟಲು ನೆರವಾದ ಶಕ್ತಿಯನ್ನು ಈಗಲೇ ಮುರಿಯಬೇಕು ಅನ್ನುವ ಅವಸರ ಯಾಕೆ ಎಂದು ಕೇಳಿದರು. ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲದ ಸದನದಲ್ಲಿ ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ, ಯುದ್ಧಕ್ಕೆ ಕಾರಣ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಗೆ 217 ಸಂಸದರು ಮತ ಹಾಕಿದರು. ಅವರಲ್ಲಿ 139 ಜನ ಪ್ರಧಾನಿಯ ಸ್ವಂತ ಲೇಬರ್ ಪಕ್ಷದವರು. ಎಲ್ಲರೂ ನಂಬಿದ್ದರು ಅಂದರೆ ಇವರನ್ನೆಲ್ಲ ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಬೀದಿಯಲ್ಲಿದ್ದ ನಾವೂ ನಂಬಿರಲಿಲ್ಲ. 2003ರ ಫೆಬ್ರವರಿ 15ರಂದು ಲಂಡನ್‌ನಲ್ಲಿ ನಡೆದ ಯುದ್ಧವಿರೋಧಿ ಮೆರವಣಿಗೆಯಲ್ಲಿ ನಾನಿದ್ದೆ. ಮೈ ಕೊರೆಯುವ ಚಳಿ. ಪಿಕಡಿಲಿ ಹತ್ತಿರ ಹೆಜ್ಜೆ ಮುಂದಿಡಲು ಜಾಗ ಇರಲಿಲ್ಲ. ನನ್ನ ಪಕ್ಕ ಒಬ್ಬ ಅಜ್ಜಿ, ಯುದ್ಧ ಬೇಡ ಟೀ ಮಾಡಿ ಅನ್ನುವ ಫಲಕ ಹಿಡಿದು ನಿಂತಿದ್ದರು. ಪೊಲೀಸರ ಲೆಕ್ಕದಲ್ಲಿ 7.5 ಲಕ್ಷ ಜನ, ಸಂಘಟಕರ ಲೆಕ್ಕದಲ್ಲಿ 20 ಲಕ್ಷದವರೆಗೆ. ಅದೇ ದಿನ ಗ್ಲಾಸ್ಗೋದಲ್ಲಿ ಬ್ಲೇರ್, ಮೆರವಣಿಗೆಯಲ್ಲಿ 5 ಲಕ್ಷ ಜನ ಸೇರಿದರೂ ಅದು ಸದ್ದಾಂನಿಂದ ಸತ್ತವರ ಸಂಖ್ಯೆಗಿಂತ ಕಡಿಮೆ ಎಂದರು. ನಾವು ಪುರಾವೆ ಕೇಳುತ್ತಿದ್ದೆವು. ಅವರು ಹೆಣಗಳ ಲೆಕ್ಕ ಹೇಳಿದರು.

ಈ ಲೆಕ್ಕದ ವಾದವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಜನರನ್ನು ಕ್ರೂರಿಯ ಕೈಯಿಂದ ಬಿಡಿಸುವುದೇ ಯುದ್ಧದ ಕಾರಣವಾಗಿದ್ದರೆ ಅದನ್ನೇ ಸದನದ ಮುಂದೆ ಇಟ್ಟು ಮತ ಕೇಳಬೇಕಿತ್ತು. ಹಾಗೆ ಮಾಡಲಿಲ್ಲ. ಫೆಬ್ರವರಿ 25ರಂದು ಬ್ಲೇರ್ ನಿಮ್ಮ ಸದನದಲ್ಲಿ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅವನ ಆಡಳಿತ ನನಗೆ ಅಸಹ್ಯ, ಆದರೂ ವಿಶ್ವಸಂಸ್ಥೆ ಹೇಳಿದಂತೆ ಕೇಳಿದರೆ ಅವನು ಅದನ್ನು ಈಗಲೂ ಉಳಿಸಿಕೊಳ್ಳಬಹುದು ಎಂದಿದ್ದರು. ಅಂದರೆ ಅಸ್ತ್ರ ಬಿಟ್ಟರೆ ಸದ್ದಾಂ ಕುರ್ಚಿಯಲ್ಲೇ ಇರಬಹುದಿತ್ತು. 2009ರ ಡಿಸೆಂಬರ್‌ನಲ್ಲಿ ಟಿವಿ ಸಂದರ್ಶನದಲ್ಲಿ ಅವರೇ, ಅಸ್ತ್ರಗಳಿಲ್ಲ ಅಂತ ಗೊತ್ತಿದ್ದರೂ ಅವನನ್ನು ಇಳಿಸುವುದೇ ಸರಿ ಅನ್ನುತ್ತಿದ್ದೆ, ಆಗ ಬೇರೆ ವಾದಗಳನ್ನು ಬಳಸಬೇಕಾಗುತ್ತಿತ್ತು ಎಂದರು. ಮಾನ್ಯರೇ, ಈ ಮಾತಿನ ಮೇಲೆ ನಿಮಗೆ ಸಿಟ್ಟು ಬರಬೇಕು. ತೀರ್ಮಾನ ಮೊದಲು, ಕಾರಣ ಆಮೇಲೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ? 2002ರ ಜುಲೈನಲ್ಲೇ ಅವರು ಅಧ್ಯಕ್ಷ ಬುಷ್‌ಗೆ, ಏನೇ ಆದರೂ ನಿಮ್ಮ ಜೊತೆ ಇರುತ್ತೇನೆ ಅಂತ ಬರೆದಿದ್ದರು. ದಸ್ತಾವೇಜು ಬಂದದ್ದು ಅದಾದ ಎರಡು ತಿಂಗಳಿಗೆ.

ಭಯೋತ್ಪಾದನೆಯಿಂದ ನಿಮ್ಮನ್ನು ಕಾಪಾಡುತ್ತೇವೆ ಅನ್ನುವುದೂ ಒಂದು ಕಾರಣವಾಗಿತ್ತು. ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥೆಯಾಗಿದ್ದ ಎಲಿಜಾ ಮ್ಯಾನಿಂಗ್‌ಹ್ಯಾಮ್ ಬುಲ್ಲರ್ 2010ರಲ್ಲಿ ಚಿಲ್ಕಾಟ್ ವಿಚಾರಣೆಯ ಮುಂದೆ, ಇರಾಕ್ ಯುದ್ಧದಿಂದ ಬ್ರಿಟನ್‌ಗಿದ್ದ ಅಪಾಯ ಜಾಸ್ತಿಯಾಯಿತು ಎಂದೇ ಹೇಳಿದರು. ಇದಕ್ಕೆ ನಾನು ಏನೂ ಸೇರಿಸಬೇಕಾಗಿಲ್ಲ.

179 ಬ್ರಿಟಿಷ್ ಸೈನಿಕರು ಇರಾಕ್‌ನಲ್ಲಿ ಸತ್ತರು. 2009ರ ಜುಲೈವರೆಗೆ ಕಡಿಮೆಯೆಂದರೂ ಒಂದೂವರೆ ಲಕ್ಷ ಇರಾಕಿಗಳು ಸತ್ತರು, ಹೆಚ್ಚಿನವರು ಸಾಮಾನ್ಯ ಜನ, ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು ಎನ್ನುತ್ತದೆ ಚಿಲ್ಕಾಟ್ ವರದಿ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಬಸ್ರಾದಲ್ಲಿ ಗಸ್ತು ತಿರುಗುತ್ತಿದ್ದ ಹುಡುಗರಿಗೆ ಕೊಟ್ಟಿದ್ದು ತೆಳು ಕವಚದ ಸ್ನ್ಯಾಚ್ ಲ್ಯಾಂಡ್ ರೋವರ್. ರಸ್ತೆ ಬದಿಯ ಬಾಂಬಿಗೆ ಅದು ತಡೆಯುತ್ತಿರಲಿಲ್ಲ, ಬದಲಿ ಗಾಡಿ ಕೊಡಲು ರಕ್ಷಣಾ ಇಲಾಖೆ ತಡ ಮಾಡಿತು. ಅಸ್ತ್ರಗಳಿವೆ ಅನ್ನುವುದರಲ್ಲಿ ಸಂಶಯವೇ ಇಲ್ಲದವರು ಯುದ್ಧ ಮುಗಿದ ಮೇಲೆ ಆ ದೇಶ ನಡೆಸುವುದು ಹೇಗೆ ಅಂತ ನೆಟ್ಟಗೆ ಯೋಚನೆ ಮಾಡಿರಲಿಲ್ಲ.

ವಿಚಾರಣೆಗಳು ನಡೆದಿಲ್ಲ ಅಂತಲ್ಲ. ಹಟನ್, ಬಟ್ಲರ್, ಆಮೇಲೆ ಏಳು ವರ್ಷ ಹಿಡಿದ ಚಿಲ್ಕಾಟ್. 2016ರ ಜುಲೈ 6ರಂದು ಬಂದ ಆ ವರದಿ 12 ಸಂಪುಟ, 26 ಲಕ್ಷ ಪದ. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕಿಳಿಯಿತು, ಯುದ್ಧ ಕೊನೆಯ ದಾರಿಯಾಗಿರಲಿಲ್ಲ, ಬೆದರಿಕೆಯನ್ನು ಇರದಷ್ಟು ಖಚಿತ ಎಂಬಂತೆ ತೋರಿಸಲಾಯಿತು, ಕಾನೂನಿನ ಆಧಾರ ತೀರ್ಮಾನಿಸಿದ ರೀತಿ ತೃಪ್ತಿಕರವಲ್ಲ ಎಂದೆಲ್ಲ ಅದರಲ್ಲಿದೆ. ಎಲ್ಲ ಸರಿ, ಕೆಟ್ಟ ಮೇಲೆ ಬುದ್ಧಿ ಬಂತು ಅಂತಲೇ ಇಟ್ಟುಕೊಳ್ಳೋಣ. ಆ ಬುದ್ಧಿ ಕಾನೂನಿನ ಪುಸ್ತಕಕ್ಕೆ ಬಂತಾ?

ಬರಲಿಲ್ಲ. ಯುದ್ಧಕ್ಕೆ ಸಂಸತ್ತಿನ ಒಪ್ಪಿಗೆ ಬೇಕು ಅನ್ನುವ ಕಾನೂನು ಈ ದೇಶದಲ್ಲಿಲ್ಲ. ರಾಜನ ಹೆಸರಿನ ಹಳೇ ಅಧಿಕಾರ ಪ್ರಧಾನಿಯ ಜೇಬಿನಲ್ಲಿದೆ. 2011ರಲ್ಲಿ ಲಿಬಿಯಾ ಮೇಲೆ ದಾಳಿ ಶುರುವಾದ ಮೇಲೆ ಸದನದ ಮತ ಕೇಳಿದರು. 2013ರ ಆಗಸ್ಟ್‌ನಲ್ಲಿ ಸಿರಿಯಾ ವಿಷಯ ಬಂದಾಗ ನೀವು 285–272ರಿಂದ ಬೇಡ ಅಂದಿರಿ, ಡೇವಿಡ್ ಕ್ಯಾಮರೂನ್ ಅದಕ್ಕೆ ತಲೆಬಾಗಿದರು. ಅದು ನಿಮ್ಮ ಸದನದ ಒಳ್ಳೆಯ ದಿನಗಳಲ್ಲಿ ಒಂದು. ಆದರೆ 2016ರಲ್ಲಿ ಸರ್ಕಾರ ಈ ಪದ್ಧತಿಯನ್ನು ಕಾನೂನು ಮಾಡುವುದಿಲ್ಲ ಎಂದಿತು. 2018ರಲ್ಲಿ ಸಿರಿಯಾ ಮೇಲೆ, 2024ರ ಜನವರಿಯಲ್ಲಿ ಯೆಮನ್ ಮೇಲೆ ನಿಮ್ಮನ್ನು ಕೇಳದೆಯೇ ದಾಳಿ ನಡೆಯಿತು.

ಹಾಗಾಗಿ ನನ್ನ ಕೇಳಿಕೆ ಹೀಗಿದೆ. ಸೈನ್ಯ ಕಳಿಸುವ ಮೊದಲು ನಿಮ್ಮ ಸದನದ ಮತ ಕಡ್ಡಾಯ ಎಂದು ಕಾನೂನು ಮಾಡಿ. ದೇಶದ ಮೇಲೇ ದಾಳಿಯಾದಾಗ, ಗಂಟೆಗಳ ಲೆಕ್ಕದಲ್ಲಿ ತೀರ್ಮಾನ ಬೇಕಾದಾಗ ವಿನಾಯಿತಿ ಇರಲಿ, ಆದರೆ ಕೆಲವೇ ದಿನದೊಳಗೆ ಸದನದ ಮುಂದೆ ಬರಬೇಕು. ಮತ ಒಂದಿದ್ದರೆ ಸಾಲದು, 2003ರಲ್ಲೂ ಮತ ಇತ್ತಲ್ಲ! ಆದ್ದರಿಂದ ಮತಕ್ಕೆ ಮುಂಚೆ ಅಟಾರ್ನಿ ಜನರಲ್ ಅವರ ಅಭಿಪ್ರಾಯ ಪೂರ್ತಿಯಾಗಿ ನಿಮ್ಮ ಕೈಗೆ ಬರಬೇಕು, 13 ಪುಟ ಇದ್ದರೆ 13 ಪುಟವೂ. ಗುಪ್ತಚರ ಮಾಹಿತಿ ಬಹಿರಂಗವಾದರೆ ಶತ್ರುವಿಗೆ ಅನುಕೂಲ ಅನ್ನುತ್ತೀರಿ, ಒಪ್ಪುತ್ತೇನೆ. ಆದರೆ ನಿಮ್ಮದೇ ಗುಪ್ತಚರ ಮತ್ತು ಭದ್ರತಾ ಸಮಿತಿ ಇದೆ, ಒಂಬತ್ತು ಸದಸ್ಯರು, ಗುಟ್ಟು ಕಾಪಾಡುವ ಕಾನೂನಿಗೆ ಒಳಪಟ್ಟವರು. ಮೂಲ ಕಾಗದಗಳನ್ನು ಅವರು ಓದಲಿ. ಸರ್ಕಾರ ಹೊರಗೆ ಹೇಳುತ್ತಿರುವುದಕ್ಕೂ ಒಳಗೆ ಬರೆದಿರುವುದಕ್ಕೂ ತಾಳೆ ಇದೆಯಾ ಇಲ್ಲವಾ, ಅಷ್ಟನ್ನು ಮತಕ್ಕೆ ಮೊದಲು ಸದನಕ್ಕೆ ಹೇಳಲಿ.

ಇದು ಆಗದ ಕೆಲಸವೇನಲ್ಲ. ಕೀರ್ ಸ್ಟಾರ್ಮರ್ ವಕೀಲರಾಗಿದ್ದಾಗ, 2003ರ ಮಾರ್ಚ್ 17ರಂದು, 1441ನೇ ನಿರ್ಣಯ ಯುದ್ಧಕ್ಕೆ ಅನುಮತಿ ಕೊಡುವುದಿಲ್ಲ ಅಂತ ಪತ್ರಿಕೆಯಲ್ಲಿ ಬರೆದಿದ್ದರು. 2020ರಲ್ಲಿ ಲೇಬರ್ ನಾಯಕತ್ವಕ್ಕೆ ನಿಂತಾಗ ಸೇನಾ ಹಸ್ತಕ್ಷೇಪ ತಡೆಯುವ ಕಾನೂನು ತರುತ್ತೇನೆ ಎಂದು ಮಾತು ಕೊಟ್ಟರು. 2024ರಲ್ಲಿ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದು ಅವರು ಪ್ರಧಾನಿಯಾದರು. ನಿಮ್ಮಲ್ಲಿ ಲೇಬರ್ ಸದಸ್ಯರಾಗಿರುವವರು ಆ ಮಾತನ್ನು ನೆನಪಿಸಿ. ವಿರೋಧ ಪಕ್ಷದವರು ಖಾಸಗಿ ಮಸೂದೆಯನ್ನಾದರೂ ತಂದು ಚರ್ಚೆಗಿಡಿ. ಯಾರು ಪರ, ಯಾರು ವಿರುದ್ಧ ಅಂತ ಸದನದ ಅಧಿಕೃತ ನಡಾವಳಿ ದಾಖಲೆಯಾದ ಹ್ಯಾನ್ಸಾರ್ಡ್‌ನಲ್ಲಿ ದಾಖಲಾಗಲಿ, ಮುಂದಿನ ಚುನಾವಣೆಗೆ ನಮಗೆ ಅದು ಬೇಕು.

ವಿಶ್ವಾಸದಿಂದ,

ಲಂಡನ್‌ನ ಒಬ್ಬ ಕನ್ನಡಿಗ ಮತದಾರ